ದೇವಣ್ಣನನ್ನು ಬದುಕಿಸಿದವರು

ಅಂಚೆಯಣ್ಣ ಆ ಕಟ್ಟನ್ನು ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಧೊಪ್ಪೆಂದು ಇಟ್ಟು ಹೋದ. ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಅಂಗಡಿಗೆ ಮದುವೆ ಕಾಗದ ಬಿಟ್ಟರೆ ಅಂಚೆಯಲ್ಲಿ ಬೇರೇನೂ ಬರುವುದಿಲ್ಲ. ರವಿಕೆಯ ಅಳತೆ ಕೊಡಲು ಬಂದಿದ್ದ ಹೆಂಗಸು, "ಇದೆಂತ ಮಾರಾಯ್ತಿ, ಮನಿ ಕಟ್ಟೂಕೆ ಕಲ್ಲ್ ತರ್ಸಿದ್ಯಾ?" ಎಂದು ಕೇಳಿದಳು. ಬಿಚ್ಚಿ ನೋಡಿದರೆ ಅಭಿನಂದನ ಗ್ರಂಥ. ದಪ್ಪ ರಟ್ಟು, ರಟ್ಟಿನ ಮೇಲೆ ಶಾಲು ಹೊದ್ದು ಕುಳಿತ ನಮ್ಮ ಕಾದಂಬರಿಕಾರರ ಬಣ್ಣದ ಚಿತ್ರ, ಒಳಗೆ ಆರುನೂರು ಪುಟ. ರಾಜರು, ಹಡಗುಗಳು, ಕೋಟೆಗಳು ತುಂಬಿದ ಸಾಹಸದ ಕಥೆಗಳನ್ನು ನಲವತ್ತು ವರ್ಷ ಬರೆದವರು ಅವರು. ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ, ಯಾಕೆಂದರೆ ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ಸಿಟ್ಟು ಹತ್ತಿದ್ದು ನಾನೂರ ಚಿಲ್ಲರೆ ಪುಟದಲ್ಲಿ. ಅಲ್ಲಿ ಒಬ್ಬ ಪ್ರಾಧ್ಯಾಪಕರು ಓದುಗರ ಪ್ರೀತಿಯ ಬಗ್ಗೆ ಲೇಖನ ಬರೆದಿದ್ದಾರೆ. ನಾವುಂದದ ಮೀನುಗಾರ ಕೇರಿಯ "ಮುಗ್ಧ ಓದುಗರು" ಕಾದಂಬರಿಯ ನಾಯಕ ಸಾಯಬಾರದೆಂದು ಕಣ್ಣೀರಿಟ್ಟು ಮನವಿ ಕಳಿಸಿದರಂತೆ, ಕಾದಂಬರಿಕಾರರು ಕರಗಿ ಅವನನ್ನು ಬದುಕಿಸಿದರಂತೆ. ಮುಗ್ಧರಂತೆ! ಆ ಪ್ರಾಧ್ಯಾಪಕರು ಒಮ್ಮೆ ನಾವುಂದಕ್ಕೆ ಬಂದು ನಮ್ಮ ಕೇರಿಯ ಯಾವುದಾದರೂ ಹೆಂಗಸಿನ ಬುಟ್ಟಿಯಿಂದ ಒಂದೇ ಒಂದು ಬಂಗುಡೆ ಹೆಚ್ಚಿಗೆ ಹಾಕಿಸಿಕೊಂಡು ಹೋಗಲಿ, ಆಮೇಲೆ ಮುಗ್ಧತೆಯ ಬಗ್ಗೆ ಮಾತಾಡುವ. ಕಣ್ಣೀರು ಯಾರೂ ಇಟ್ಟಿರಲಿಲ್ಲ. ಆ ಮನವಿಯನ್ನು ನನ್ನ ಈ ಕೈಯಾರೆ ನಾನೇ ಬರೆದವಳು, ನನಗೆ ಗೊತ್ತಿಲ್ಲವೇ?

ಈ ಗ್ರಂಥಕ್ಕೆ ಓದುಗರ ಅನಿಸಿಕೆ ಕಳಿಸಿ ಎಂದು ಗ್ರಂಥ ತಂದವರೇ ಕೇಳಿದ್ದರು. ನಡೆದದ್ದನ್ನು ನಡೆದ ಹಾಗೆ ನಾಲ್ಕು ಪುಟ ಬರೆದು ಕಳಿಸಿದ್ದೆ. ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ "ಅನಿಸಿಕೆ ಕಳಿಸಿದವರು" ಎಂಬ ಪಟ್ಟಿಯಲ್ಲಿ ನನ್ನ ಹೆಸರಿದೆ, ಅನಿಸಿಕೆ ಇಲ್ಲ. ಅದಕ್ಕೇ ಈಗ ನಿಮ್ಮನ್ನು ಕೂರಿಸಿಕೊಂಡು ಹೇಳುತ್ತಿದ್ದೇನೆ. ನಾಲ್ಕು ಪುಟದ್ದು ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಹಾಗಂತ ಕಾದಂಬರಿಕಾರರ ಮೇಲೆ ನನಗೆ ದ್ವೇಷವೇ? ಛೆ ಛೆ. ಅವರಿಲ್ಲದಿದ್ದರೆ ನಾನು ಪಿಯುಸಿ ಪಾಸಾಗುತ್ತಿದ್ದೆ, ಅದೊಂದೇ ದೂರು. ಅವರ ಪುಸ್ತಕಗಳನ್ನು ನಾನು ಓದದ ಜಾಗ ಇಲ್ಲ. ಬಚ್ಚಲ ಒಲೆಗೆ ತೆಂಗಿನ ಮಡಲು ತುರುಕುತ್ತಾ ಓದಿದ್ದೇನೆ. ಗಂಜಿ ಉಕ್ಕಿ ಒಲೆ ನಂದಿದ ಮೇಲೂ ಓದಿದ್ದೇನೆ. ಅಮ್ಮ ಸೌಟು ಹಿಡಿದುಕೊಂಡು ಬಂದರೆ ಪುಸ್ತಕವನ್ನು ಅಕ್ಕಿ ಡಬ್ಬಿಯೊಳಗೆ ಹುಗಿಸಿ ಅಮಾಯಕಿಯ ಮುಖ ಮಾಡಿದ್ದೇನೆ. ಇತಿಹಾಸದ ಪರೀಕ್ಷೆಯಲ್ಲಿ ಬಿದನೂರಿನ ಅರಸರ ಬಗ್ಗೆ ಪ್ರಶ್ನೆ ಬಂದಾಗ ಖುಷಿಯಿಂದ ಆರು ಪುಟ ಬರೆದೆ, ಸೇನಾಪತಿ ಕೋಟೆಯ ಗೋಡೆ ಹಾರುವಾಗ ಆಡಿದ ಮಾತುಗಳ ಸಮೇತ. ಹತ್ತೊಂಬತ್ತು ಅಂಕ ಬಂತು. ಮರುವರ್ಷವೂ ಅದೇ ಸೇನಾಪತಿ ಬಂದು ಅದೇ ಗೋಡೆ ಹಾರಿದ, ನಾನು ಇನ್ನೊಮ್ಮೆ ಬಿದ್ದೆ. ಹಾಗಾಗಿ ತೊಂಬತ್ತೇಳರ ಮಳೆಗಾಲದಲ್ಲಿ ಇಪ್ಪತ್ತೆರಡು ವರ್ಷದ ನಾನು ನಾವುಂದದ ಮನೆಯಲ್ಲಿ ಯಾವ ಕೆಲಸಕ್ಕೂ ಬಾರದೆ ಕೂತಿದ್ದೆ. ಆಗ ಅಪ್ಪಯ್ಯ, "ಪರೀಕ್ಷಿಗಂತೂ ಓದ್ಲಿಲ್ಲೆ, ಬಲಿ ಕಟ್ಟೋರಿಗಾರೂ ಓದಿ ಹೇಳ್, ಹೋಗ್" ಎಂದು ಬಲೆ ಕಟ್ಟುವ ಚಪ್ಪರಕ್ಕೆ ಅಟ್ಟಿದರು.

ಮಳೆಗಾಲದಲ್ಲಿ ದೋಣಿಗಳನ್ನೆಲ್ಲ ಮೇಲೆಳೆದು ಮಡಲು ಹೊದಿಸಿ ಇಡುತ್ತಿದ್ದರು. ಗಂಡಸರು ಬಲೆ ಚಪ್ಪರದಲ್ಲಿ ಸಾಲಾಗಿ ಕೂತು ಹರಿದ ಬಲೆ ಕಟ್ಟುತ್ತಿದ್ದರು. ಕೈಗೆ ಕೆಲಸ, ಕಿವಿಗೆ ರಜೆ. ಆ ವರ್ಷ ಒಂದು ವಾರಪತ್ರಿಕೆಯಲ್ಲಿ ನಮ್ಮ ಕಾದಂಬರಿಕಾರರ ಧಾರಾವಾಹಿ ಬರುತ್ತಿತ್ತು. ಅದಕ್ಕೆ ಅಚ್ಚಿನಲ್ಲಿ ಬೇರೇನೋ ಹೆಸರಿತ್ತು, ನಮ್ಮ ಕೇರಿಯಲ್ಲಿ ಅದು "ದೇವಣ್ಣನ ಕಥೆ". ತಾಂಡೇಲ ದೇವಣ್ಣ ಅಂದರೆ ಬಸರೂರಿನಿಂದ ಅಕ್ಕಿ ಹೇರಿಕೊಂಡು ಅರಬ್ಬೀ ದೇಶಕ್ಕೆ ಹೋಗುವ ಹಡಗಿನ ಯಜಮಾನ. ಗಂಗೊಳ್ಳಿಯಲ್ಲಿ ಕೋಟೆ ಕಟ್ಟಿಕೊಂಡ ಪರಂಗಿಯವರಿಗೆ ಸುಂಕ ಕೊಡದೆ ನೀರು ಕುಡಿಸುವ ಗಂಡು. ಗುರುವಾರ ಕುಂದಾಪುರದಿಂದ ಹತ್ತು ಗಂಟೆಯ ಬಸ್ಸಿನಲ್ಲಿ ಪತ್ರಿಕೆ ಬಂದರೆ, ಹತ್ತೂಕಾಲಿಗೆ ನಾನು ಚಪ್ಪರದಲ್ಲಿ ಮರದ ಕೊರಡಿನ ಮೇಲೆ ಕೂತು ಶುರು ಮಾಡಬೇಕು.

ಓದುವುದು ಸುಲಭದ ಕೆಲಸ ಅಂದುಕೊಂಡಿರಾ? ಎರಡು ಸಾಲಿಗೊಮ್ಮೆ ಯಾರಾದರೂ "ಹ್ವಾಯ್, ನಿಲ್ಸ್" ಅನ್ನುತ್ತಿದ್ದರು. ತೆಂಕಣ ಗಾಳಿಯಲ್ಲಿ ಆ ಹಾಯಿ ಹಾಗೆ ಬಿಚ್ಚುವುದಿಲ್ಲ ಎಂದು ಒಬ್ಬರು, ಬಿಚ್ಚುತ್ತದೆ, ನಮ್ಮಜ್ಜ ಬಿಚ್ಚುತ್ತಿದ್ದ ಎಂದು ಇನ್ನೊಬ್ಬರು. ನಾಯಕಿ ಮಲ್ಲಿಗೆ ಮುಡಿದ ವರ್ಣನೆಯನ್ನು ಮಾತ್ರ ಯಾರೂ ತಡೆಯುತ್ತಿರಲಿಲ್ಲ, ಅಷ್ಟು ಹೊತ್ತು ಬೀಡಿ ಹಚ್ಚಿಕೊಳ್ಳುತ್ತಿದ್ದರು. ದೊಡ್ಡ ದೊಡ್ಡ ವಿಮರ್ಶಕರು ಇವರ ಕಾದಂಬರಿಗಳನ್ನು ಬಸ್ಸಿನಲ್ಲಿ ಓದಿ ಬಿಸಾಡುವಂಥವು ಅಂದಿದ್ದಾರೆ. ಒಂದೊಂದು ಸಾಲಿಗೆ ಹೀಗೆ ಜಗಳ ಆಡಿಕೊಂಡು ಆ ವಿಮರ್ಶಕರ ಪುಸ್ತಕವನ್ನು ಯಾರಾದರೂ ಓದಿದ್ದರೆ ನನಗೆ ತೋರಿಸಿ.

ಆ ಚಪ್ಪರದ ಮೂಲೆಯಲ್ಲಿ ಒಣಮೀನು ಆರಿಸುತ್ತಾ ಕೂರುತ್ತಿದ್ದವಳು ನನ್ನ ದೊಡ್ಡಮ್ಮ, ಸೀತು. ಅಪ್ಪಯ್ಯನ ಅಣ್ಣನ ಹೆಂಡತಿ. ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿರಲಿಲ್ಲ. ಬೇಸಗೆಯಲ್ಲಿ ಬೈಂದೂರು ಮಾರ್ಕೆಟಿನಲ್ಲಿ ಹಸಿಮೀನು, ಮಳೆಗಾಲದಲ್ಲಿ ಘಟ್ಟದ ಬುಡದ ಅಮಾಸೆಬೈಲಿನ ಮನೆಮನೆಗೆ ಒಣಮೀನು ಮಾರುತ್ತಿದ್ದಳು. ಅಕ್ಷರ ಬಾರದು. ಆದರೆ ಗುರುವಾರ ನಾನು ಓದಿದ್ದನ್ನು ಶನಿವಾರ ಅಮಾಸೆಬೈಲಿಗೆ ಹೊತ್ತುಕೊಂಡು ಹೋಗುತ್ತಿದ್ದಳು, ಒಂದು ಮಾತು ಬಿಡದೆ. ಅಲ್ಲಿನ ಹೆಂಗಸರು ಮೀನಿನ ಬುಟ್ಟಿಗೆ ಕೈ ಹಾಕುವ ಮೊದಲು "ದೇವಣ್ಣ ಎಲ್ಲಿಗ್ ಬಂದ ಸೀತಕ್ಕ?" ಎಂದು ಕೇಳುತ್ತಿದ್ದರಂತೆ. ಕಥೆ ಮುಗಿಯುವ ತನಕ ಅಂಗಳದಲ್ಲಿ ಬುಟ್ಟಿ ಇಳಿಸಿ ಕೂತು, ಕೊನೆಯ ಬಸ್ಸು ತಪ್ಪಿಸಿಕೊಂಡು ಬೈಸಿಕೊಂಡದ್ದೂ ಇದೆ. ಓದುಗರ ಪ್ರೀತಿ ಎಂದು ಲೇಖನ ಬರೆಯುವವರಿಗೆ ಇದರ ಗಂಧವಾದರೂ ಇದೆಯೇ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಗಿಯಲು ಇನ್ನೆರಡೇ ಕಂತು ಇದ್ದಾಗ ಬಂದ ಭಾಗದಲ್ಲಿ, ಆಷಾಢದ ಒಂದು ಮಧ್ಯಾಹ್ನ, ಪರಂಗಿಯವರಿಂದ ತಪ್ಪಿಸಿಕೊಂಡ ಹನ್ನೆರಡು ಜನ ನಾವಿಕರು ಒಡೆದ ದೋಣಿಯೊಂದಿಗೆ ಗಂಗೊಳ್ಳಿಯ ಅಳಿವೆಯ ಆಚೆ ಸಿಕ್ಕಿಹಾಕಿಕೊಂಡು ಕೂಗುತ್ತಿರುತ್ತಾರೆ. ಅಳಿವೆ ಎಂದರೆ ಹೊಳೆ ಸಮುದ್ರ ಸೇರುವ ಬಾಯಿ. ಮಳೆಗಾಲದಲ್ಲಿ ಹೊಳೆಯ ನೆರೆ ಹೊರಗೆ ನೂಕುತ್ತದೆ, ಸಮುದ್ರದ ತೆರೆ ಒಳಗೆ ನೂಕುತ್ತದೆ, ನಡುವೆ ಬಿದ್ದ ದೋಣಿ ಉಳಿಯುವುದಿಲ್ಲ. ದೇವಣ್ಣ ಒಂದು ಕ್ಷಣ ನಿಂತು ನೋಡಿ, ದೋಣಿ ಬಿಚ್ಚಿ ಅಳಿವೆ ದಾಟುತ್ತಾನೆ. ಹನ್ನೆರಡೂ ಜನರನ್ನು ಎತ್ತಿ ತಂದು ದಡದ ಕಲ್ಲಿನ ಹತ್ತಿರ ಇಳಿಸುತ್ತಾನೆ. ದೋಣಿ ಅಲ್ಲೇ ಮಗುಚುತ್ತದೆ, ಅವನು ಮೇಲೆ ಬರುವುದಿಲ್ಲ.

ನಾನು ಓದಿ ಮುಗಿಸಿದಾಗ ಚಪ್ಪರದಲ್ಲಿ ಒಬ್ಬರ ಕೈಯೂ ಆಡುತ್ತಿರಲಿಲ್ಲ. ಮೊದಲು ಬಾಯಿ ಬಿಟ್ಟವರು ಗುರಿಕಾರರು. ಗುರಿಕಾರರೆಂದರೆ ನಮ್ಮ ಕೇರಿಯ ಯಜಮಾನರು. ಮದುವೆ ಮಾತುಕತೆಯಿಂದ ಬಲೆಯ ಜಗಳದ ತನಕ ಅವರು ಹೇಳಿದ್ದೇ ಕೊನೆ. ಅಪ್ಪ ಸತ್ತ ಮೇಲೆ ಆ ಪಟ್ಟಕ್ಕೆ ಬಂದ ರಾಮಣ್ಣನಿಗೆ ಆಗ ನಲವತ್ತೈದು ಇರಬಹುದು.

"ಇದ್ ಆಪೂದಲ್ಲ" ಅಂದರು. "ಆಸಾಡಿಯಂಗೆ ಅಳಿವೆ ದಾಟೂಕೆ ಅವನಿಗೆ ಮಂಡೆ ಸಮ ಇಲ್ಯಾ? ಅರಬ್ಬಿಗೆ ಹದಿನೆಂಟ್ ಸಲ ಹೋಯಿ ಬಂದ ತಾಂಡೇಲ! ಬರ್ದವ್ರಿಗೆ ಸಮುದ್ರ ಗೊತ್ತಿಲ್ಲೆ."

ಹಿಂದಿನಿಂದ ಯಾರೋ ಒಬ್ಬ, "ಇದ್ ಶೀನನ್ ಬುದ್ಧಿ ಆಯ್ತಲ್ಲ!" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ನಗುವಿಗೆ ನನ್ನ ಕೆನ್ನೆಗೆ ಎರಡು ಬಾರಿಸಬೇಕಿತ್ತು. "ಶೀನನ ಬುದ್ಧಿ" ಎಂಬುದು ನಮ್ಮ ಕೇರಿಯಲ್ಲಿ ಮಕ್ಕಳನ್ನು ಗದರಿಸುವ ಮಾತು. ಮರದ ತುದಿಗೆ ಹತ್ತಿದರೆ, ನೆರೆ ನೀರಿಗೆ ಇಳಿದರೆ, ಕೊಡೆ ಇಲ್ಲದೆ ಮಳೆಗೆ ಹೊರಟರೆ, "ಶೀನನ್ ಬುದ್ಧಿ ಮಾಡ್ಬೇಡ" ಅನ್ನುತ್ತಿದ್ದರು. ನಾನೂ ಚಿಕ್ಕಂದಿನಲ್ಲಿ ಜೊತೆಯವರಿಗೆ ಹೇಳಿದವಳೇ. ಶೀನ ಅಂದರೆ ಯಾರೆಂದು ನನಗೆ ತಿಳಿದದ್ದು ಹತ್ತನೇ ವಯಸ್ಸಿನಲ್ಲಿ. ಶೀನ ನನ್ನ ದೊಡ್ಡಪ್ಪ. ಮೂಲೆಯಲ್ಲಿ ಒಣಮೀನು ಆರಿಸುತ್ತಾ ಕೂತವಳ ಗಂಡ.

ನಾನು ಹುಟ್ಟುವ ಮೊದಲಿನ ಮಾತು. ಒಂದು ಆಷಾಢದಲ್ಲಿ ಕೇರಿಯ ಇಬ್ಬರು ಹುಡುಗರು ಪಂಥ ಕಟ್ಟಿ ತುಂಬಿದ ಹೊಳೆಗೆ ಸಣ್ಣ ದೋಣಿ ಇಳಿಸಿದರು. ನೆರೆ ಅವರನ್ನು ಎಳೆದುಕೊಂಡು ಹೋಗಿ ಗಂಗೊಳ್ಳಿಯ ಅಳಿವೆಯ ಆಚೆ ಹಾಕಿತು. ಶೀನ ದೊಡ್ಡಪ್ಪ ಆ ದಿನ ಗಂಗೊಳ್ಳಿಯ ಹೊಳೆಬದಿಯಲ್ಲಿ ಕಟ್ಟಿದ್ದ ತನ್ನ ದೋಣಿಯ ಹಗ್ಗ ನೋಡಲು ಹೋಗಿದ್ದ. ಕೂಗು ಕೇಳಿ ಹಗ್ಗ ಬಿಚ್ಚಿ ದಾಟಿದ. ಹುಡುಗರಿಬ್ಬರೂ ದಡಕ್ಕೆ ಬಂದರು, ಅವನು ಬರಲಿಲ್ಲ. ಆ ಇಬ್ಬರಲ್ಲಿ ಒಬ್ಬ ಆಮೇಲೆ ಬೊಂಬಾಯಿಗೆ ಹೋದವನು ತಿರುಗಿ ಬರಲೇ ಇಲ್ಲ. ಇನ್ನೊಬ್ಬ ಆಗಿನ ಗುರಿಕಾರರ ಮಗ, ಇದೇ ರಾಮಣ್ಣ.

ಮಗನ ಪಂಥದ ಮಾತು ಹೊರಗೆ ಬಂದರೆ ಗುರಿಕಾರರ ಮನೆತನದ ಮರ್ಯಾದೆ ಏನಾಗಬೇಕು? ಹಾಗಾಗಿ ಹುಡುಗರ ಸುದ್ದಿ ಮೆಲ್ಲಗೆ ಹಿಂದೆ ಸರಿಯಿತು. ಆಷಾಢದಲ್ಲಿ ಅಳಿವೆ ದಾಟಿದ ಬುದ್ಧಿಗೇಡಿಯ ಸುದ್ದಿ ಮುಂದೆ ಬಂತು. ನಿಜ ಎಲ್ಲ ಹಿರಿಯರಿಗೂ ಗೊತ್ತಿತ್ತು, ನನ್ನ ಅಪ್ಪಯ್ಯನಿಗೂ. ಯಾರೊಬ್ಬರೂ ಬಾಯಿ ಬಿಡಲಿಲ್ಲ. ಅಪ್ಪಯ್ಯನ ಎದುರು ಯಾರಾದರೂ ಆ ಮಾತು ಆಡಿದರೆ ಅವರು ಎದ್ದು ಹೋಗಿ ಕಾಲು ತೊಳೆದುಕೊಳ್ಳುತ್ತಿದ್ದರು, ಅಷ್ಟೇ. ತಮ್ಮನಾದವನು ಮಾಡಿದ ಪ್ರತಿಭಟನೆ ಅದು!

ಚಪ್ಪರದಲ್ಲೇ ತೀರ್ಮಾನ ಆಯಿತು, ಕಾದಂಬರಿಕಾರರಿಗೆ ಕೇರಿಯಿಂದ ಕಾಗದ ಹೋಗಬೇಕು. ಕಾಗದ ಬರೆಯುವವಳು ನಾನು. ಎರಡು ಸಲ ಫೇಲಾದರೂ ಕನ್ನಡದಲ್ಲಿ ಪಾಸಾದವಳಲ್ಲವೇ? ಸಿಕ್ಕಿದ್ದೇ ಅವಕಾಶ ಎಂದು "ಸಾಹಿತ್ಯಾಂಬುಧಿಯ ಧ್ರುವತಾರೆಯೇ" ಎಂದು ಶುರುಮಾಡಿದೆ. ಅಂಬುಧಿಯಲ್ಲಿ ತಾರೆ ಹೇಗಿರುತ್ತದೆ ಎಂದು ಆಗ ಹೊಳೆಯಲಿಲ್ಲ. ಅನುಭವಿ ತಾಂಡೇಲನೊಬ್ಬ ಆಷಾಢದಲ್ಲಿ ಅಳಿವೆ ದಾಟುವಂಥ ಅವಿವೇಕ ಮಾಡಲಾರ, ಇದು ಸಮುದ್ರ ಬಲ್ಲ ನಮ್ಮೆಲ್ಲರ ಒಕ್ಕೊರಲಿನ ಅಭಿಪ್ರಾಯ, ಆದ್ದರಿಂದ ದೇವಣ್ಣನನ್ನು ದಯಮಾಡಿ ಬದುಕಿಸಿಕೊಡಿ ಎಂದು ಎರಡು ಪುಟ ಗೀಚಿದೆ. ಸಹಿ ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಅಪ್ಪಯ್ಯನೂ ಹಾಕಿದರು. ಶಾಯಿಯ ಪ್ಯಾಡು ಮೂಲೆಗೆ ಹೋದಾಗ ದೊಡ್ಡಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ನಂದ್ ಬೇಡ" ಅಂದಳು. ಮೀನಿನ ಕೈ ಎಂದು ಎಲ್ಲರೂ ಸುಮ್ಮನಾದರು.

ಮರುದಿನ ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು.

"ಹೆಣೆ, ನಂಗೊಂದ್ ಕಾಗ್ದ ಬರ್ದ್ ಕೊಡ್."

"ಯಾರಿಗೆ ದೊಡ್ಡಮ್ಮ?"

"ಅವ್ರಿಗೇ. ಕತಿ ಬರಿಯೋರಿಗೆ. ದೇವಣ್ಣನ್ ಬದ್ಕಿಸ್ಬೇಡಿ ಅಂದೇಳಿ ಬರಿ. ಅವ ಮಾಡಿದ್ದ್ ಸಮ ಇತ್ತ್ ಅಂದೇಳಿ ಬರಿ."

ನಾನು ಬೂದಿ ಕೈಯಲ್ಲೇ ಕೂತೆ. ಅವಳು ಎಂದೂ ಅಷ್ಟು ಮಾತಾಡಿದವಳಲ್ಲ.

"ನೀರಂಗ್ ಬಿದ್ದವ್ರ್ ಕೂಗೂದ್ ಕೇಂಬತಿಗೆ, ತಿಂಗ್ಳ್ ಯಾವ್ದ್ ಅಂದೇಳಿ ಯಾರಾರೂ ಕ್ಯಾಲೆಂಡರ್ ಕಾಂತ್ರಾ? ಇಷ್ಟ್ ವರ್ಷಕ್ ಒಬ್ರ್ ಬರ್ದ್ರ್ ಹೆಣೆ, ಅಳಿವೆ ದಾಟಿದ್ದ್ ಹುಚ್ಚ್ ಅಲ್ಲ ಅಂದೇಳಿ. ನೀವೆಲ್ಲ ಸೇರ್ಕಂಡ್ ಅದನ್ನೂ ಅಳ್ಸೂಕೆ ಹೊರ್ಟ್ರ್ಯಾ?"

ನನಗೆ ಎಲ್ಲ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಬರೆದರೆ ನಿಮ್ಮ ಎದುರು ನನ್ನ ಮಾನ ಉಳಿಯಬಹುದಿತ್ತು, ಆದರೆ ಅರ್ಥವಾಗಿತ್ತು. "ನಾಳೆ ಬರೀತೆ ದೊಡ್ಡಮ್ಮ" ಅಂದೆ. ನಾಳೆ ಬರೆಯಲಿಲ್ಲ, ನಾಡಿದ್ದೂ ಬರೆಯಲಿಲ್ಲ. ನಮ್ಮಲ್ಲೊಂದು ಕಟ್ಟಳೆ ಇದೆ, ಕೇರಿಯಿಂದ ಹೊರಗೆ ಹೋಗುವ ಮಾತು ಒಂದೇ ಇರಬೇಕು. ಒಳಗೆ ಎಷ್ಟು ಬೇಕಾದರೂ ಕಿತ್ತಾಡಿ, ಗುರಿಕಾರರು ಒಂದು ಮಾತು ಹೇಳಿದ ಮೇಲೆ ಎಲ್ಲರದೂ ಅದೇ. ಆ ಕಟ್ಟಳೆ ನನಗೆ ಅಡ್ಡ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಅದೂ ಅಲ್ಲ. ನನ್ನ ಆ ಎರಡು ಪುಟದ ಸಾಹಿತ್ಯ ಅಚ್ಚಾಗಬೇಕಿತ್ತು. ಇನ್ನೊಂದು ಕಾಗದ ಹೋಗಿ ಅದಕ್ಕೆ ಕಲ್ಲು ಬಿದ್ದರೆ? ಎಂಥ ದರಿದ್ರ ಆಸೆ ನೋಡಿ.

ಅಚ್ಚಾಯಿತು. ಕೆಳಗೆ ಗುರಿಕಾರರ ಹೆಸರು, "ಮತ್ತು ನಾವುಂದದ ಸಮಸ್ತ ಓದುಗರು". ನನ್ನ ಹೆಸರು ಎಲ್ಲೂ ಇಲ್ಲ. ನನಗೆ ಹಾಗೇ ಆಗಬೇಕಿತ್ತು. ಪಕ್ಕದಲ್ಲೇ ಕಾದಂಬರಿಕಾರರ ಉತ್ತರ. ತಾನು ಬಯಲುಸೀಮೆಯವನು, ಸಮುದ್ರದ ಮಕ್ಕಳ ಮಾತಿಗೆ ತಲೆಬಾಗುತ್ತೇನೆ ಎಂದಿದ್ದರು. ಮುಂದಿನ ವಾರ ದೇವಣ್ಣ ಒಂದು ಹಲಗೆ ಹಿಡಿದುಕೊಂಡು ತೇಲಿ ಬಂದ. ಪುಸ್ತಕವಾದಾಗ ಇನ್ನೂ ಚೆಂದ. ಆಷಾಢದಲ್ಲಿ ಅವನು ಅಳಿವೆ ದಾಟುವುದೇ ಇಲ್ಲ. ದಡದಲ್ಲಿ ನಿಂತು ಬೆಂಕಿ ಹಾಕಿ ಸನ್ನೆ ಮಾಡುತ್ತಾನೆ, ಆ ಹನ್ನೆರಡು ಜನ ತಾವೇ ಈಜಿ ಬರುತ್ತಾರೆ. ಆ ನೆರೆಯಲ್ಲಿ! ಸಮುದ್ರ ಬಲ್ಲ ನಮ್ಮ ಕೇರಿಯ ಒಬ್ಬನಾದರೂ ಆಗ "ಹ್ವಾಯ್, ನಿಲ್ಸ್" ಅನ್ನಲಿಲ್ಲ. ಗುರಿಕಾರರ ಮನೆಯಲ್ಲಿ ಹೆಸರುಬೇಳೆ ಪಾಯಸ ಮಾಡಿ ಹಂಚಿದರು. ನಾನು ಎರಡು ಲೋಟ ಕುಡಿದೆ.

ದೊಡ್ಡಮ್ಮ ಮತ್ತೆ ಚಪ್ಪರಕ್ಕೆ ಬರಲಿಲ್ಲ. ಕಾಗದದ ಸುದ್ದಿ ಎತ್ತಲಿಲ್ಲ, ನನ್ನ ಮೇಲೆ ಮುನಿಸನ್ನೂ ತೋರಿಸಲಿಲ್ಲ. ಶನಿವಾರ ಶನಿವಾರ ಬುಟ್ಟಿ ಹೊತ್ತು ಹೋಗುವುದು ಮಾತ್ರ ತಪ್ಪಿಸಲಿಲ್ಲ. ಕೆಲವು ವರ್ಷಗಳ ಮೇಲೆ ಒಂದು ಮದುವೆಗೆಂದು ಅಮಾಸೆಬೈಲಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಅಜ್ಜಿಯೊಬ್ಬರು ನನ್ನ ಊರು ಕೇಳಿ, "ನಾವುಂದವಾ? ಅಳಿವೆಯಂಗೆ ದೇವಣ್ಣ ಸತ್ತ ಬದಿಯಲ್ದಾ?" ಅಂದರು. ಪುಸ್ತಕದಲ್ಲಿ ಅವನು ಸಾಯುವುದಿಲ್ಲ ಅಜ್ಜಿ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೊಮ್ಮಗ್ಳೂ ಹಾಂಗೇ ಓದಿ ಹೇಳ್ತ್. ಪ್ರೆಸ್ಸಿನೋರ್ ಬೇರೆ ಯಾವ್ದೋ ಕತಿ ಪುಟ ಸೇರ್ಸಿ ಹೊಲ್ದಿರ್. ಸೀತಕ್ಕನ್ ಕೇಣ್, ಸಮ ಹೇಳ್ತಾಳ್" ಎಂದು ಹೋಳಿಗೆ ಮುರಿದರು. ದೊಡ್ಡಮ್ಮ ಅಲ್ಲಿ ದೇವಣ್ಣನನ್ನು ಬದುಕಲು ಬಿಟ್ಟೇ ಇರಲಿಲ್ಲ. ಕರಾವಳಿಯಲ್ಲಿ ಬದುಕಿದವನು ಅಮಾಸೆಬೈಲಿನಲ್ಲಿ ಅಳಿವೆ ದಾಟಿ, ಹನ್ನೆರಡು ಜನರನ್ನು ಇಳಿಸಿ ಸತ್ತಿದ್ದ.

ಮನವಿ ಕಳಿಸಿ ಹದಿನಾಲ್ಕು ವರ್ಷ ಕಳೆದು, ಕುಂದಾಪುರದಲ್ಲಿ ಕಾದಂಬರಿಕಾರರಿಗೆ ಓದುಗರ ಅಭಿನಂದನೆ ಎಂದು ಕರೆಯೋಲೆ ಬಂತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ. ದೇವಣ್ಣನನ್ನು ಉಳಿಸಿದ ಮನವಿಯ ಮುಂದಾಳು ಎಂದು ನಮ್ಮ ಗುರಿಕಾರರಿಗೂ ಸನ್ಮಾನ. ಅಷ್ಟರಲ್ಲಿ ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಬಂದು ಅಂಗಡಿ ಹಾಕಿದ್ದೆ. ಆ ಕರೆಯೋಲೆ ಓದಿದ ಮೇಲೆ ಹೊಲಿದ ಎರಡು ರವಿಕೆಯ ತೋಳು ಎಡಬಲ ಆಯಿತು. ಭಾನುವಾರ ಮೊದಲ ಬಸ್ಸಿಗೇ ನಾವುಂದಕ್ಕೆ ಹೋದೆ.

"ದೊಡ್ಡಮ್ಮ, ಆ ಕಾಗ್ದ ನಾನ್ ಬರೀಲೇ ಇಲ್ಲೆ" ಅಂದೆ.

"ಗೊತ್ತಿತ್ತ್" ಅಂದಳು. 

"ಅವ್ರ್ ಇವತ್ತ್ ಕುಂದಾಪ್ರಕ್ಕೆ ಬತ್ರ್. ಹೋಪನಾ?"

ಅವಳು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ಸಭೆಯ ಬಗ್ಗೆ ಏನು ಹೇಳಲಿ! ಐದು ಜನ ಭಾಷಣ ಮಾಡಿದರು. ಒಬ್ಬರು ದೇವಣ್ಣನನ್ನು ಮೂರು ಸಲ ದೇವಪ್ಪ ಅಂದರು. ಇನ್ನೊಬ್ಬರು ಅವನ ಕುದುರೆಯನ್ನು ಹೊಗಳಿದರು. ಹಡಗಿನವನಿಗೆ ಎಲ್ಲಿಯ ಕುದುರೆ ಮಾರಾಯರೇ? ಮೂರನೆಯವರು ತಮಗೆ ಓದಲು ಪುರುಸೊತ್ತಾಗಲಿಲ್ಲ, ಆದರೂ ಮೆಚ್ಚುಗೆ ಇದೆ ಅಂದರು. ಓದುಗರ ಸಭೆಯಲ್ಲಿ ಓದಿದವರೆಲ್ಲ ಕೆಳಗೆ, ಓದದವರೆಲ್ಲ ಮೇಲೆ. ಗುರಿಕಾರರಿಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಕೊನೆಗೆ ಹತ್ತು ನಿಮಿಷ ಸಂವಾದ. ಅದನ್ನು ನಡೆಸಿದವರು ಇದೇ ಪ್ರಾಧ್ಯಾಪಕರು. ಪ್ರಶ್ನೆ ಮಾತ್ರ ಕೇಳಬೇಕು, ಚುಟುಕಾಗಿ ಕೇಳಬೇಕು ಎಂದು ಕಟ್ಟಪ್ಪಣೆ ಮಾಡಿದರು.

ದೊಡ್ಡಮ್ಮ ಎದ್ದು ನಿಂತಳು.

"ಅಜ್ಜಿ, ನಿಮ್ಮ ಪ್ರಶ್ನೆ ಏನು?" ಎಂದು ಪ್ರಾಧ್ಯಾಪಕರು ಮೈಕಿನಲ್ಲಿ ಕೇಳಿದರು.

"ಪ್ರಶ್ನಿ ಅಲ್ಲ. ತಕ್ರಾರ್."

ಸಭೆ ಗೊಳ್ಳೆಂದಿತು. ಅವಳು ನಗು ನಿಲ್ಲುವ ತನಕ ಕಾದಳು. ಮೀನು ಮಾರ್ಕೆಟಿನಲ್ಲಿ ಮೂವತ್ತು ವರ್ಷ ಕೂಗಿದ ಗಂಟಲಿಗೆ ಮೈಕು ಬೇಕಿರಲಿಲ್ಲ.

"ನೀವ್ ದೇವಣ್ಣನ್ ಬದ್ಕಿಸಿದ್ದ್ ತಪ್ಪ್" ಅಂದಳು, ನೇರ ಕಾದಂಬರಿಕಾರರನ್ನೇ ನೋಡಿ. "ಅವ ದಾಟಿದ್ದೇ ಸಮ. ನಮ್ಮನಿಯವ್ರೂ ಆಸಾಡಿಯಂಗೇ ದಾಟಿದ್ದ್. ಇಬ್ರ್ ಮಕ್ಳ್ ಆಚಿಗಿದ್ದಿರ್. ಇಬ್ರೂ ಬದ್ಕಿರ್. ಅವ್ರ್ ಬರ್ಲಿಲ್ಲೆ. ಊರ್ ಅವ್ರಿಗೆ ಬುದ್ಧಿ ಇಲ್ದವ್ ಅಂತ್. ನೀವ್ ಬರ್ದದ್ದ್ ಕೇಂಡಾಗ ನಾನ್ ಅಂದ್ಕಂಡೆ, ಒಬ್ರಿಗಾರೂ ಗೊತ್ತಾಯ್ತಲ್ಲ ಅಂದೇಳಿ. ಮತ್ ಎಂತಕ್ ಅಳ್ಸ್ರಿ?"

ಪ್ರಾಧ್ಯಾಪಕರು, "ಪಾತ್ರದೊಂದಿಗೆ ಇಷ್ಟು ತನ್ಮಯರಾಗುವ ಓದುಗರು..." ಎಂದು ಏನೋ ಶುರುಮಾಡಿದರು. ಕಾದಂಬರಿಕಾರರು ಕೈ ಎತ್ತಿ ಅವರನ್ನು ತಡೆದರು. ಎಂಬತ್ತರ ಹತ್ತಿರದ ಮನುಷ್ಯ. ಕೋಲು ಊರಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ನಮ್ಮ ಸಾಲಿನ ತನಕ ಬಂದರು. ಮುಂದಿನ ಸಾಲಿನಿಂದ ಗುರಿಕಾರರು ತಿರುಗಿ ನೋಡುತ್ತಿದ್ದರು.

"ಅಮ್ಮಾ, ನಿಮ್ಮ ಊರಿನಿಂದ ನನಗೆ ಒಂದೇ ಕಾಗದ ಬಂದಿತ್ತು" ಅಂದರು. "ನಿಮ್ಮದೂ ಬಂದಿದ್ದರೆ ನಾನು ಅದನ್ನು ಮುಟ್ಟುತ್ತಿರಲಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದೊಡ್ಡಮ್ಮ ನನ್ನ ಕಡೆ ತಿರುಗಲೂ ಇಲ್ಲ, ನನ್ನ ಹೆಸರೂ ಹೇಳಲಿಲ್ಲ.

ಹೊಸ ಮುದ್ರಣದಲ್ಲಿ ಮೊದಲಿನ ಅಧ್ಯಾಯವನ್ನೇ ಹಾಕಿಸುತ್ತೇನೆ, ಪುಸ್ತಕವನ್ನು ನಿಮ್ಮ ಯಜಮಾನರಿಗೆ ಅರ್ಪಿಸುತ್ತೇನೆ ಎಂದು ಅವರು ಹೇಳಿದರು. ಆ ಮುದ್ರಣ ಎರಡು ವರ್ಷದಿಂದ ಪ್ರೆಸ್ಸಿನಲ್ಲೇ ಇದೆಯಂತೆ. ಅದಕ್ಕೆ ಮೊದಲೇ ಈ ಕಲ್ಲಿನಂಥ ಗ್ರಂಥ ಬಂದು ಕೂತು, ಆ ದಿನದ ಬಗ್ಗೆ "ಓದುಗರೊಂದಿಗೆ ಅರ್ಥಪೂರ್ಣ ಸಂವಾದ ನಡೆಯಿತು" ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಆ ದಿನ ಕಾದಂಬರಿಕಾರರು ಜೇಬಿನಿಂದ ಪೆನ್ನು ತೆಗೆದು, ಕರೆಯೋಲೆಯ ಹಿಂಬದಿ ತಿರುಗಿಸಿ, "ಅವರ ಹೆಸರು?" ಎಂದು ಕೇಳಿದರು.

ದೊಡ್ಡಮ್ಮ ಸುಮ್ಮನೆ ನಿಂತಳು. ನಮ್ಮಲ್ಲಿ ಅವಳ ಪ್ರಾಯದ ಹೆಂಗಸರು ಗಂಡನ ಹೆಸರು ಹೇಳುವವರಲ್ಲ, ಗಂಡ ಸತ್ತು ನಲವತ್ತು ವರ್ಷವಾದರೂ ಹೇಳುವವರಲ್ಲ. ಇಡೀ ಕೇರಿ ದಿನಾ ಮಕ್ಕಳಿಗೆ ಗದರಿಸಿ ಹೇಳಿದ ಹೆಸರನ್ನು ಅವಳೊಬ್ಬಳು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಅವಳು ತುಟಿ ಬಿಗಿದುಕೊಂಡು ನಿಂತದ್ದು ಕಂಡು ನಾನು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಗುರಿಕಾರರು ಎದ್ದು ನಿಂತಿದ್ದರು. ಶಾಲು ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು, ಹೆಕ್ಕಲಿಲ್ಲ.

"ಶೀನ" ಅಂದರು. ಕಾದಂಬರಿಕಾರರ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. "ಶೀನಣ್ಣ ಅಂದೇಳಿ ಬರ್ಕಣಿ. ನನ್ ಕೂದ್ಲ್ ಹಿಡ್ದ್ ದೋಣಿಗ್ ಎಳ್ದ್ ಹಾಕಿದ್ ಅವ್ನೇ. ಆ ಇಬ್ರಂಗೆ ಒಬ್ಬ ನಾನ್."

ಕಾದಂಬರಿಕಾರರು ನಿಧಾನವಾಗಿ ಬರೆದುಕೊಂಡರು. ಅಕ್ಷರ ಬಾರದ ದೊಡ್ಡಮ್ಮ ಬಗ್ಗಿ ಆ ಕಾಗದವನ್ನೇ ನೋಡಿದಳು, ಆಮೇಲೆ ನನ್ನ ಕೈ ಹಿಡಿದು ಎಳೆದಳು.

"ಸಮ ಬರ್ದ್ರಾ ಕಾಣ್ ಹೆಣೆ."

ನಾನು ಓದಿದೆ. ಸರಿಯಾಗಿ ಬರೆದಿದ್ದರು.